ಮಧ್ಯಾಹ್ನದ ಕನ್ನಡ

ಗೋವೆಯ ಝುವಾರಿನಗರದ ಕನ್ನಡ ಶಾಲೆಯ ಪೂರ್ವದ ಗೋಡೆಯ ಮೇಲೆ ಹನ್ನೊಂದು ಸಾಲು ತಪ್ಪಾಗಿವೆ ಎಂದು ಶಿಕ್ಷಕಿ ಮಲ್ಲಿಕಾ ಅಕ್ಕೋರು ಎಣಿಸಿ ಹೇಳಿದಾಗ ಪೇಂಟರ ಮಕ್ತುಮಸಾಬ ನಂಬಲಿಲ್ಲ. ಕುಂಚವನ್ನು ಬಣ್ಣದ ಡಬ್ಬಿಯ ಮೇಲೆ ಅಡ್ಡ ಇಟ್ಟು, ಗೋಡೆಯ ಮುಂದೆ ಹೋಗಿ ನಿಂತು, ಮೇಲಿನಿಂದ ಕೆಳಗಿನವರೆಗೆ ಓದಿದ. ಓದಿದ ಮೇಲೂ ಅವನಿಗೆ ಒಂದೂ ತಪ್ಪು ಕಾಣಲಿಲ್ಲ. ಎಲ್ಲವೂ ಕಿವಿಗೆ ಸರಿಯಾಗಿಯೇ ಕೇಳಿಸುತ್ತಿದ್ದವು. ತೊಂದರೆ ಇದ್ದದ್ದೇ ಅಲ್ಲಿ.

ಅಕ್ಕೋರು ಬರೆದುಕೊಟ್ಟ ಹಾಳೆಯಲ್ಲಿ ‘ಶಾಲೆ ನಮ್ಮ ಎರಡನೆಯ ಮನೆ’ ಎಂದಿತ್ತು. ಗೋಡೆಯ ಮೇಲೆ ‘ಸಾಲಿ ನಮ್ಮ ಎರಡನೇ ಮನಿ’ ಎಂದಿತ್ತು. ‘ಕಸವನ್ನು ಬುಟ್ಟಿಯಲ್ಲಿ ಹಾಕಿ’ ಎಂಬುದು ‘ಕಸಾ ಬುಟ್ಟ್ಯಾಗ ಹಾಕ್ರಿ’ ಆಗಿತ್ತು. ‘ಊಟಕ್ಕೆ ಮೊದಲು ಕೈ ತೊಳೆಯಿರಿ’ ಎನ್ನುವಲ್ಲಿ ‘ಊಟಕ್ಕ ಮೊದಲ ಕೈ ತೊಳಕೋರಿ’ ಎಂದು ಬಲು ಅಂದವಾಗಿ, ಪ್ರತಿ ಅಕ್ಷರಕ್ಕೂ ಒಂದೆಳೆ ನೀಲಿ ನೆರಳು ಕೊಟ್ಟು ಬರೆಯಲಾಗಿತ್ತು. ಅಕ್ಷರದಲ್ಲಿ ದೋಷವಿರಲಿಲ್ಲ. ಒತ್ತು, ದೀರ್ಘ, ಸಾಲಿನ ನಡುವಿನ ಜಾಗ ಎಲ್ಲ ಅಳತೆಗೆ ಸರಿಯಾಗಿದ್ದವು. ಆದರೆ ಅದು ಪುಸ್ತಕದ ಕನ್ನಡವಾಗಿರಲಿಲ್ಲ. ಸಿಂದಗಿ ಕಡೆಯ ಯಾವುದೋ ಮನೆಯ ಪಡಸಾಲೆಯಲ್ಲಿ ಕೂತು ಮಾತಾಡಿದ ಹಾಗಿತ್ತು.

“ಮಕ್ಕಳು ಹಿಂಗ ಮಾತಾಡ್ತಾವು, ಬ್ಯಾಡನ್ನಂಗಿಲ್ಲ. ಆದ್ರ ಬರಿಯೂದನ್ನೂ ಹಿಂಗ ಕಲ್ತ್ರ ಪರೀಕ್ಷಾದಾಗ ನಾ ಯಾರಿಗಂತ ಉತ್ತರ ಕೊಡ್ಲಿ?” ಎಂದರು ಅಕ್ಕೋರು.

ಮಕ್ತುಮಸಾಬನಿಗೆ ಐವತ್ತನಾಲ್ಕು ವಯಸ್ಸು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಇಪ್ಪತ್ತೆರಡಕ್ಕೆ ಸಿಂದಗಿ ಕಡೆಯಿಂದ ಗೋವೆಗೆ ಬಂದವನು. ಮೂವತ್ತೆರಡು ವರ್ಷ ಇಲ್ಲಿನ ಅಂಗಡಿ, ಗ್ಯಾರೇಜು, ಬೇಕರಿಗಳ ಬೋರ್ಡುಗಳನ್ನು ಇಂಗ್ಲಿಷಿನಲ್ಲೂ ದೇವನಾಗರಿಯಲ್ಲೂ ಬರೆದಿದ್ದ. ಫ್ಲೆಕ್ಸ್ ಬಂದ ಮೇಲೆ ಬೋರ್ಡುಗಳೆಲ್ಲ ಹೋದವು. ಉಳಿದದ್ದು ಲಾರಿಗಳು. ಲಾರಿಯ ಬಾಡಿಯ ಎರಡೂ ಬದಿಗೆ, ಹಿಂದಿನ ಹಲಗೆಗೆ ದೊಡ್ಡದಾಗಿ ನಂಬರು ಬರೆಯುವುದಕ್ಕೆ ಇನ್ನೂ ಕೈ ಬೇಕಾಗುತ್ತಿತ್ತು. ಕನ್ನಡ ಬರೆದು ಒಂಬತ್ತು ವರ್ಷವಾಗಿತ್ತು. ಹೀಗಿರುವಾಗ ಮಗಳು ಅಫ್ರೀನ ಏಳನೆಯವರೆಗೆ ಕಲಿತ ಇದೇ ಶಾಲೆಯ ಗೋಡೆಗಳಿಗೆ ನುಡಿಗಳನ್ನು ಬರೆಯುವ ಕೆಲಸ ಸಿಕ್ಕಿತು. ಕೂಲಿ ಏನು ಎಂದು ಕೇಳುವುದನ್ನೂ ಮರೆತು ಅವನು ಒಪ್ಪಿಕೊಂಡಿದ್ದ. ಝುವಾರಿನಗರದಲ್ಲಿ ಅವನ ಊರಿನವರ, ಪಕ್ಕದ ಊರಿನವರ ನೂರಾರು ಮನೆಗಳಿದ್ದವು. ಅವರ ಮಕ್ಕಳೆಲ್ಲ ಓದುವುದು ಇಲ್ಲೇ. ಅವರ ಕಣ್ಣೆದುರು ಹನ್ನೊಂದು ತಪ್ಪು.

ಅಷ್ಟರಲ್ಲಿ ಕಮಿಟಿಯ ಅಧ್ಯಕ್ಷ ಶಶಿಧರ ಸಾವಕಾರರೂ ಬಂದರು. ಬೆಳಗಾವಿಯ ಮನೆತನ, ವಾಸ್ಕೋದಲ್ಲಿ ಹಾರ್ಡ್‌ವೇರ್ ಅಂಗಡಿ. ಬಣ್ಣದ ಡಬ್ಬಿಗಳೆಲ್ಲ ಅವರು ಕೊಟ್ಟವೇ. ಕೆಟ್ಟ ಮನುಷ್ಯರಲ್ಲ, ಆದರೆ ಯಾವುದನ್ನೂ ಎರಡು ಸಲ ನೋಡುವ ಪುರುಸೊತ್ತಿಲ್ಲದವರು. ಗೋಡೆ ಓದಿ ಮೊದಲು ನಕ್ಕರು. ಆಮೇಲೆ, ಮುಂದಿನ ಸೋಮವಾರ ಶಾಲೆ ತೆರೆಯುವುದು, ಶಾಲೆಯ ಪಡಸಾಲೆಗೆ ಬರೆಯಬೇಕಾದ ಇಪ್ಪತ್ತನಾಲ್ಕು ಸಾಲು ಇನ್ನೂ ಶುರುವೇ ಆಗಿಲ್ಲದಿರುವುದು ನೆನಪಾಗಿ ನಗು ನಿಲ್ಲಿಸಿದರು.

“ಅಕ್ಕೋರ, ಉದ್ದ ಮಾತ ಬ್ಯಾಡ. ವಾಸ್ಕೋದಾಗ ಫ್ಲೆಕ್ಸ್ ಅಂದ್ರ ಎರಡ ತಾಸಿನ ಕೆಲಸ. ಗ್ವಾಡಿ ತುಂಬ ಹೊಡದ ಬಿಡೂಣು.”

ಅವತ್ತು ಭಾನುವಾರ. ಅಕ್ಕೋರು ಒಂದು ವಾರದ ಗಡುವು ಕೇಳಿದರು. ಸಾವಕಾರರು ಗಡಿಯಾರ ನೋಡಿ, ಮುಂದಿನ ಭಾನುವಾರ ಹತ್ತು ಗಂಟೆಗೆ ತಾವೇ ಬಂದು ಓದುವುದಾಗಿಯೂ ಅವತ್ತು ಒಂದೇ ಒಂದು ಸಾಲು ತಪ್ಪಿದ್ದರೂ, ಒಂದೇ ಒಂದು ಸಾಲು ಉಳಿದಿದ್ದರೂ ಮೂರೂ ಕಡೆ ಫ್ಲೆಕ್ಸ್ ಹೊಡೆಸುವುದಾಗಿಯೂ ಹೇಳಿ ಹೋದರು. ಮಕ್ತುಮಸಾಬ ಮನಸ್ಸಿನಲ್ಲೇ ಲೆಕ್ಕ ಹಾಕಿದ. ತಪ್ಪಾದ ಹನ್ನೊಂದು, ಪಡಸಾಲೆಯ ಇಪ್ಪತ್ತನಾಲ್ಕು, ಒಟ್ಟು ಮೂವತ್ತೈದು. ಇಲ್ಲಿಯವರೆಗೆ ದಿನಕ್ಕೆ ಎರಡು ಸಾಲು ಬರೆದಿದ್ದ. ಆರು ದಿನಕ್ಕೆ ಹನ್ನೆರಡು. ಹಗಲೂ ರಾತ್ರಿ ಕೂತರೂ ಆಗದ ಮಾತು. ಕುಂಚ ತೊಳೆಯಲು ಸೀಮೆಎಣ್ಣೆಯ ಡಬ್ಬಿ ಹುಡುಕತೊಡಗಿದ.

ಅಕ್ಕೋರು ಮಾತ್ರ ಅಲ್ಲೇ ನಿಂತಿದ್ದರು. ಪೂರ್ವದ ಗೋಡೆ ಓದಿದರು. ಕಟ್ಟಡ ಸುತ್ತಿ ಹಿಂದೆ ಹೋಗಿ ಪಶ್ಚಿಮದ ಗೋಡೆ ಓದಿದರು. ಮತ್ತೆ ಬಂದರು. ಕೈಯಲ್ಲಿ ಕೆಂಪು ಪೆನ್ನು ಇತ್ತು. ಪಶ್ಚಿಮದ ಗೋಡೆಯ ಮೇಲೆ ಹದಿನೆಂಟು ಸಾಲು, ಒಂದರಲ್ಲೂ ತಪ್ಪಿಲ್ಲ.

“ಮಕ್ತುಮಸಾಬ್ರ, ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಈ ಗ್ವಾಡಿ ನೀವ ಬರದ್ರೋ, ಬ್ಯಾರೆ ಯಾರ ಕಡೆಯಿಂದಾರ ಬರಿಸಿದ್ರೋ?”

“ಎರಡೂ ನನ್ನ ಕೈನ ರೀ.”

“ಹಂಗಾದ್ರ ಯಾವ ಹೊತ್ತಿನ್ಯಾಗ ಬರದ್ರಿ?”

ಅವನು ಕತ್ತೆತ್ತಿ ನೋಡಿದ. ಮೂವತ್ತೆರಡು ವರ್ಷದಲ್ಲಿ ಅವನನ್ನು ಎಲ್ಲರೂ ಕೇಳಿದ್ದು ಒಂದೇ, ಯಾವಾಗ ಮುಗಿಸುತ್ತೀ ಎಂದು. ಯಾವ ಹೊತ್ತಿನಲ್ಲಿ ಬರೆಯುತ್ತೀ ಎಂದು ಒಬ್ಬರೂ ಕೇಳಿರಲಿಲ್ಲ. ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಹೇಳಿದ. ಭಾನುವಾರ ಲಾರಿ ಕೆಲಸವಿಲ್ಲ, ಹೆಂಡತಿ ಖಾತುನಳಿಗೂ ರಜೆ, ಆದ್ದರಿಂದ ಬೆಳಿಗ್ಗೆ ಆರೂಕಾಲಿಗೇ ಶಾಲೆಗೆ ಬರುತ್ತಿದ್ದ. ಬೆಳಿಗ್ಗೆ ನೆರಳಿರುವುದು ಪಶ್ಚಿಮಕ್ಕೆ, ಅದಕ್ಕೇ ಆ ಗೋಡೆ. ಉಳಿದ ದಿನ ಲಾರಿ ಕೆಲಸ ಮುಗಿಸಿ ಮಧ್ಯಾಹ್ನ ಎರಡರಿಂದ ಆರರವರೆಗೆ. ಆಗ ನೆರಳು ಪೂರ್ವಕ್ಕೆ. ನೆರಳು ಎಲ್ಲಿದೆಯೋ ಅಲ್ಲಿ ಕೂರುವುದು ಅವನ ಕಸಬಿನವರ ರೂಢಿ. ಬಿಸಿಲು ಬಿದ್ದ ಗೋಡೆಯ ಮೇಲೆ ಬಣ್ಣ ಕುಂಚದಲ್ಲೇ ಗಟ್ಟಿಯಾಗುತ್ತದೆ.

ಅಕ್ಕೋರು ಹಾಳೆಯ ಹಿಂದೆ ಕೆಂಪು ಪೆನ್ನಿನಲ್ಲಿ ಬರೆದರು. ಮೂರು ಮುಂಜಾನೆ, ಹದಿನೆಂಟು ಸಾಲು. ಹನ್ನೆರಡು ಮಧ್ಯಾಹ್ನ, ಇಪ್ಪತ್ತನಾಲ್ಕು ಸಾಲು, ಅದರಲ್ಲಿ ಸರಿಯಾದದ್ದು ಹದಿಮೂರು. ಬರೆದು ಅವನ ಮುಂದೆ ಹಿಡಿದರು. ಮಕ್ತುಮಸಾಬ ಆ ಅಂಕಿಗಳನ್ನು ಬಹಳ ಹೊತ್ತು ನೋಡಿದ. ಮುಂಜಾನೆಯ ಎರಡೂವರೆ ತಾಸಿಗೆ ಆರು ಸಾಲು ಬರೆಯುವ ಕೈ ಮಧ್ಯಾಹ್ನದ ನಾಲ್ಕು ತಾಸಿಗೆ ಎರಡು ಬರೆಯುತ್ತಿತ್ತು, ಅದೂ ಅರ್ಧ ತಪ್ಪು. ತಾನು ಹೆಚ್ಚು ದುಡಿಯುವುದು ಮಧ್ಯಾಹ್ನವೇ ಎಂದು ಅವನು ತಿಳಿದಿದ್ದ. ಸೊಂಟ ಹೆಚ್ಚು ನೋಯುತ್ತಿದ್ದದ್ದು ಆಗ.

ಈಗ ಹಳೆಯ ಹಲಗೆಯೊಂದರ ಮೇಲೆ ಒಂದು ಸಾಲು ಬರೆದು ತೋರಿಸಿ ಎಂದರು ಅಕ್ಕೋರು. ಅವನು ಹಾಳೆಯನ್ನು ಗೋಡೆಗೆ ಅಂಟಿಸಿ ಒಂದೊಂದೇ ಅಕ್ಷರವನ್ನು ಚಿತ್ರ ನೋಡುವ ಹಾಗೆ ನೋಡಿ ಬರೆದ. ಮಧ್ಯಾಹ್ನವೂ ಹೀಗೆಯೇ ಬರೆಯುತ್ತೀರಾ ಎಂದು ಕೇಳಿದಾಗ ಸ್ವಲ್ಪ ಯೋಚಿಸಿದ. ಇಲ್ಲ. ಮಧ್ಯಾಹ್ನ ಕಡಲ ಗಾಳಿ ಎದ್ದು ಹಾಳೆ ಹಾರುತ್ತದೆ, ಬೆವರಿಗೆ ಒದ್ದೆಯಾಗುತ್ತದೆ. ಅದಕ್ಕೆ ಒಂದು ಸಲ ಸಾಲು ಓದಿಕೊಂಡು ಹಾಳೆಯನ್ನು ಜೇಬಿಗೆ ಹಾಕುತ್ತಿದ್ದ. ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯುತ್ತಿದ್ದ.

ಹೇಳುತ್ತ ಹೇಳುತ್ತ ಅವನಿಗೇ ತಿಳಿಯಿತು. “ಕಣ್ಣ ದಣಿದ್ರ ಬಾಯಿ ಬರಿಯಾಕ ಹತ್ತತೈತ್ರಿ ಅಕ್ಕೋರ,” ಎಂದ.

“ಬಾಯಿ ಹುಟ್ಟಿದೂರಿಂದು,” ಎಂದರು ಅಕ್ಕೋರು. “ಅದಕ್ಕ ಪುಸ್ತಕದ ಭಾಷಾ ಬರಂಗಿಲ್ಲ.”

ಮದ್ದು ಸುಲಭವಾಗಿತ್ತು, ಆರೂ ದಿನ ಮುಂಜಾನೆ ಬರೆಯುವುದು. ಆದರೆ ಮುಂಜಾನೆ ಅವನ ಬಳಿ ಇರಲಿಲ್ಲ. ಆರಕ್ಕೆ ನಳ ಬರುತ್ತಿತ್ತು, ಏಳೂವರೆಗೆ ಹೋಗುತ್ತಿತ್ತು. ಖಾತುನ ದಾಬೋಲಿಯ ಎರಡು ಫ್ಲ್ಯಾಟುಗಳಲ್ಲಿ ಅಡುಗೆ ಮಾಡುತ್ತಿದ್ದಳು, ಆರೂಮುಕ್ಕಾಲರ ಬಸ್ಸಿಗೆ ಹೋಗಬೇಕು. ಹಾಗಾಗಿ ಸಾಲಿನಲ್ಲಿ ಕೊಡ ಇಡುವವನು ಅವನೇ. ನೀರು ತುಂಬಿಸಿ, ಎಂಟಕ್ಕೆ ಸಾಂಕೋಲೆಯ ಲಾರಿ ಅಡ್ಡೆಯಲ್ಲಿ ಕೂರಬೇಕು. ಇಲ್ಲದಿದ್ದರೆ ಚಾಲಕರು ಸ್ಟಿಕ್ಕರ್ ಅಂಗಡಿಗೆ ಹೋಗುತ್ತಾರೆ.

ಮನೆಗೆ ಹೋಗಿ ಇದನ್ನೆಲ್ಲ ಹೇಳುವಾಗ ಅವನು ಯಾವ ಸಹಾಯವನ್ನೂ ಕೇಳಲಿಲ್ಲ. ಆಗದ ಮಾತು ಎಂದಷ್ಟೇ ಹೇಳಿ ತಟ್ಟೆಯ ಮುಂದೆ ಕೂತ. ಖಾತುನ ರೊಟ್ಟಿ ಹಾಕುತ್ತ ಕೇಳಿಸಿಕೊಂಡಳು. ಅವಳಿಗೆ ಓದು ಬರುತ್ತಿರಲಿಲ್ಲ. ಗೋಡೆಯ ಮೇಲೆ ಮನಿ ಎಂದಿದ್ದರೂ ಮನೆ ಎಂದಿದ್ದರೂ ಅವಳಿಗೆ ಒಂದೇ. ಆದರೆ ಗಂಡ ಇವತ್ತು ಕುಂಚಗಳನ್ನು ತೊಳೆಯದೆ ಮನೆಗೆ ತಂದಿದ್ದ. ಅದನ್ನು ಅವಳು ನೋಡಿದ್ದಳು.

“ಮೂವತ್ತ ವರ್ಸ ಆತು, ಚಲೋ ಹೊತ್ತೆಲ್ಲಾ ಕೊಡದಾಗ ಹಾಕಿದ್ರಿ,” ಎಂದಳು. “ನಾಳಿಯಿಂದ ನಳದ ಕಡೆ ಬರಬ್ಯಾಡ್ರಿ. ನಾ ತುಂಬ್ತೇನಿ.”

“ಬಸ್ಸು?”

“ನೋಡೂಣಂತ. ಉಣ್ರಿ.”

ಸಂಜೆ ಅವನು ಸಾಂಕೋಲೆಗೆ ಹೋದ. ಲಾರಿ ಅಡ್ಡೆಯ ಮುಕಾದಮ ಹೇಮಲಪ್ಪ, ಯಾವ ಲಾರಿ ಕಾರ್ಖಾನೆಯ ಯಾವ ಗೇಟಿಗೆ ಎಂದು ಹಂಚುವವನು. ಬಾಯಿ ತುಂಬ ಎಲೆ ಅಡಿಕೆ, ಮಾತು ತುಂಬ ಕುಚೋದ್ಯ. ಮಕ್ತುಮಸಾಬ ಇನ್ನು ಆರು ದಿನ ಹತ್ತು ಗಂಟೆಗೆ ಬರುತ್ತೇನೆ ಎಂದಾಗ ಅವನು ಸುತ್ತಲಿನವರಿಗೆಲ್ಲ ಕೇಳುವಂತೆ, “ಪೇಂಟರ ಮಾಮಾ ಈ ವಯಸ್ಸಿನಾಗ ಸಾಲಿಗೆ ಹೆಸರ ಹಚ್ಯಾನಲೇ, ಮುಂಜಾನಿ ಬರಂಗಿಲ್ಲಂತ,” ಎಂದ. ಎಲ್ಲರೂ ನಕ್ಕು ಮುಗಿದ ಮೇಲೆ ಹೇಮಲಪ್ಪ ಹೇಳಿದ ವಿಷಯ ಮಕ್ತುಮಸಾಬನಿಗೆ ಹೊಸದು. ಲಾರಿಗಳು ಬೆಳಿಗ್ಗೆ ಗೇಟಿನ ಸರತಿಗೆ ಹೆಸರು ಕೊಟ್ಟು, ಹೇಗೂ ಒಂದು ಗಂಟೆಯವರೆಗೆ ಅಡ್ಡೆಯಲ್ಲೇ ಬಿದ್ದಿರುತ್ತವೆ. ಚಾಲಕರಿಗೆ ಎಂಟೂ ಒಂದೇ, ಹನ್ನೊಂದೂ ಒಂದೇ. ಪೇಂಟರ ಎಂಟಕ್ಕೆ ಬರುತ್ತಾನೆಂದು ಅವರು ಎಂಟಕ್ಕೆ ಬರುತ್ತಿದ್ದರು. ಅವರು ಬರುತ್ತಾರೆಂದು ಪೇಂಟರ ಬರುತ್ತಿದ್ದ. ಇಷ್ಟು ವರ್ಷ ಯಾರೂ ಯಾರನ್ನೂ ಕೇಳಿರಲಿಲ್ಲ.

ಇನ್ನೊಂದು ತೊಡಕಿತ್ತು. ಮುಂಜಾನೆ ಪೂರ್ವದ ಗೋಡೆಗೆ ನೇರ ಬಿಸಿಲು. ಅದನ್ನು ಹೇಳಿದಾಗ ಹೇಮಲಪ್ಪ ಎದ್ದು, ಕೆಟ್ಟು ನಿಂತಿದ್ದ ಲಾರಿಯೊಂದರ ಮೇಲಿನ ತಾಡಪತ್ರಿಯನ್ನು ಎಳೆದು ಕೆಳಗೆ ಹಾಕಿದ. ಇಪ್ಪತ್ತು ಅಡಿ ಉದ್ದ, ಡೀಸೆಲ್ ವಾಸನೆ.

“ಒಯ್ಯಿ. ಸೋರತೈತಿ, ಆದ್ರ ಬಿಸಲಿಗೇನ ಆಗಬೇಕಾಗೇದ?”

ಸೋಮವಾರ ಆರು ಗಂಟೆಗೆ ಮಕ್ತುಮಸಾಬ ತಾಡಪತ್ರಿಯನ್ನು ಶಾಲೆಯ ಸೂರಿನಿಂದ ಎರಡು ಬಿದಿರಿಗೆ ಕಟ್ಟಿದ. ಅದರ ಕೆಳಗೆ ಹಸಿರು ನೆರಳು ಬಿತ್ತು. ಹಿಂದಿನ ಸಂಜೆಯೇ ಅವನು ಹನ್ನೊಂದು ಸಾಲುಗಳ ಮೇಲೆ ಬಿಳಿ ಬಣ್ಣ ಬಳಿದು, ಇದ್ದಿಲ ಪುಡಿ ಹಚ್ಚಿದ ದಾರವನ್ನು ಎಳೆದು ಚಿಮ್ಮಿಸಿ, ಅಕ್ಷರ ಕೂರಬೇಕಾದ ಗೆರೆಗಳನ್ನು ಹಾಕಿಟ್ಟಿದ್ದ. ಅದಕ್ಕೆ ತಲೆ ಬೇಕಿರಲಿಲ್ಲ, ಸಂಜೆಯ ಕೈ ಸಾಕಿತ್ತು. ಈಗ ಬರೆಯುವುದೊಂದೇ ಉಳಿದಿತ್ತು. ಹಾಳೆಯನ್ನು ಗೋಡೆಗೆ ಅಂಟಿಸಿದ. ಕಾರ್ಖಾನೆಯ ಮೊದಲ ಪಾಳಿಯ ಸೈರನ್ ಆಗುವಾಗ ಎರಡು ಸಾಲು ಮುಗಿದಿದ್ದವು. ಅಕ್ಕೋರು ಬಂದಾಗ ಐದು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಆರು.

ಇನ್ನೂ ಬರೆಯುವ ಹುಮ್ಮಸ್ಸಿತ್ತು. ಏಳನೆಯ ಸಾಲಿಗೆ ಕುಂಚ ಎತ್ತುತ್ತಿದ್ದಂತೆ ಅಕ್ಕೋರು ಬಂದು, ಗೋಡೆಯ ಮೇಲಿದ್ದ ಹಾಳೆಯನ್ನು ಕಿತ್ತು, ಆಫೀಸಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರು. ನಾಳೆ ಬೆಳಿಗ್ಗೆ ಆರಕ್ಕೇ ಬಂದು ಕೊಡುತ್ತೇನೆ ಎಂದರು. ಮಕ್ತುಮಸಾಬನಿಗೆ ಸಿಟ್ಟು ಬಂತು. ಕೆಲಸ ಮಾಡುವವನ ಕೈ ಹಿಡಿಯುವ ಯಜಮಾನರನ್ನು ಅವನು ಈವರೆಗೆ ಕಂಡಿರಲಿಲ್ಲ. ಗೊಣಗುತ್ತಲೇ ಸಾಂಕೋಲೆಗೆ ಹೋಗಿ ಒಂದು ಗಂಟೆಯವರೆಗೆ ಮೂರು ಲಾರಿಗೆ ನಂಬರು ಬರೆದ. ಅಲ್ಲಿ ಒಂದು ವಿಚಿತ್ರ ಕಂಡ. ಬಿಸಿಲು ಏರಿದರೂ, ಕಣ್ಣು ದಣಿದರೂ ಅಂಕಿಗಳು ತಪ್ಪುತ್ತಿರಲಿಲ್ಲ. ಎಂಟನ್ನು ಸಿಂದಗಿಯಲ್ಲೂ ಗೋವೆಯಲ್ಲೂ ಎಂಟು ಎಂದೇ ಬರೆಯುತ್ತಾರೆ. ಮಧ್ಯಾಹ್ನಕ್ಕೆ ತಕ್ಕ ಕೆಲಸ ಅವನ ಬಳಿ ಮೊದಲಿನಿಂದಲೂ ಇತ್ತು. ಅದನ್ನು ಮುಂಜಾನೆಗೆ ಹಾಕಿಟ್ಟಿದ್ದ.

ಮಂಗಳವಾರವೂ ಆರು ಸಾಲು. ಪೂರ್ವದ ಗೋಡೆ ಮುಗಿದು, ಪಡಸಾಲೆಯ ಒಂದು ಸಾಲೂ ಆಯಿತು.

ಬುಧವಾರ ಅವನು ಕಳ್ಳತನ ಮಾಡಿದ. ಆರು ಸಾಲು ಮುಗಿಸಿ, ಅಕ್ಕೋರು ಹಾಳೆ ಒಯ್ಯುವ ಮೊದಲೇ ಮುಂದಿನ ಸಾಲನ್ನು ಬಾಯಿಪಾಠ ಮಾಡಿಕೊಂಡ. ‘ಪ್ರತಿದಿನ ಬೆಳಗ್ಗೆ ಹಲ್ಲು ಉಜ್ಜಿರಿ.’ ನಾಲ್ಕೇ ಪದ. ಅವರು ಒಳಗೆ ಪ್ರವೇಶದ ಅರ್ಜಿಗಳನ್ನು ನೋಡುತ್ತಿರುವಾಗ, ಒಂದು ಸಾಲು ಮುಂದಿದ್ದರೆ ಕೊನೆಯ ದಿನ ಹಗುರವಾಗುತ್ತದೆ ಎಂದುಕೊಂಡು ಬರೆಯಲು ಕೂತ. ಒಂಬತ್ತೂವರೆಗೆ ಮುಗಿಯಿತು. ದೂರ ಸರಿದು ನಿಂತು, ಈ ಸಲ ಕಿವಿಯನ್ನು ನಂಬದೆ ಅಕ್ಷರ ಅಕ್ಷರ ಕೂಡಿಸಿ ಓದಿದ. ‘ದಿನಾ ಮುಂಜಾನಿ ಹಲ್ಲ ತಿಕ್ರಿ.’

ನಾಲ್ಕಕ್ಕೆ ನಾಲ್ಕೂ ಪದ ಅವನವೇ. ಹಾಳೆಯದು ಒಂದೂ ಇರಲಿಲ್ಲ.

ಸೀಮೆಎಣ್ಣೆಯ ಅರಿವೆಯಿಂದ ಉಜ್ಜಿ ಉಜ್ಜಿ ಅಳಿಸಿದ. ಬಿಳಿ ಗೋಡೆಯ ಮೇಲೆ ನೀಲಿ ಮೋಡದಂಥ ಕಲೆ ಉಳಿಯಿತು. ಅಕ್ಕೋರು ಹೊರಗೆ ಬಂದು ಮೂಗಿಗೆ ಬಡಿದ ವಾಸನೆಯನ್ನೂ ಕಲೆಯನ್ನೂ ಅವನ ಮುಖವನ್ನೂ ನೋಡಿದರು. ಏನು ಬರೆದಿದ್ದಿರಿ ಎಂದು ಕೇಳಲಿಲ್ಲ. ಹಲ್ಲು ತಿಕ್ಕಿಕೊಂಡು ಬಂದಿದ್ದೀರಾ ಎಂದಷ್ಟೇ ಕೇಳಿ ಒಳಗೆ ಹೋದರು. ಅರಿವೆಯ ಮಡಿಕೆಯಲ್ಲಿ ‘ತಿಕ್ರಿ’ ಉಲ್ಟಾ ಮೂಡಿದ್ದನ್ನು ಅವನು ಆಮೇಲೆ ನೋಡಿಕೊಂಡ.

ಗುರುವಾರ ಅಡ್ಡೆಯಲ್ಲಿ ಹೇಮಲಪ್ಪ ಎಲೆ ಅಡಿಕೆ ಉಗುಳಿ ಬಂದು, ಖಾತುನ ಮಾಮಿ ಯಾಕೆ ದಿನಾ ಹೆದ್ದಾರಿಯ ಬದಿಗೆ ನಡೆದು ಹೋಗುತ್ತಾಳೆ ಎಂದು ಕೇಳಿದ. ಅವನ ಚಾಲಕನೊಬ್ಬ ಮೂರು ದಿನದಿಂದ ನೋಡುತ್ತಿದ್ದನಂತೆ. ಮಕ್ತುಮಸಾಬನ ಕೈ ಲಾರಿಯ ಹಲಗೆಯ ಮೇಲೆ ನಿಂತಿತು. ನೀರು ತುಂಬಿ ಮುಗಿಯುವಾಗ ಏಳೂವರೆ. ಮುಂದಿನ ಬಸ್ಸು ಎಂಟೂಕಾಲಿಗೆ. ಅವಳು ಎಂಟೂಕಾಲಿಗೆ ದಾಬೋಲಿಯಲ್ಲಿ ಇರಬೇಕು. ಲೆಕ್ಕ ಕಷ್ಟದ್ದೇನಲ್ಲ. ಅವನು ಮಾಡಿರಲಿಲ್ಲ ಅಷ್ಟೆ. ‘ನೋಡೂಣಂತ’ ಎಂದು ಅವಳು ಹೇಳಿದ್ದನ್ನು ಉತ್ತರ ಎಂದು ತಿಳಿದು ಉಂಡು ಎದ್ದಿದ್ದ.

ಸಂಜೆ ಕೇಳಿದಾಗ ಖಾತುನ ಕಾಲು ಚಾಚಿ ಕೂತಿದ್ದಳು. “ಕಾಲ ಅದಾವು, ನಡದೆ. ಅದರಾಗೇನೈತಿ?”

ನಾಳೆ ನೀರು ನಾನೇ ತರುತ್ತೇನೆ ಎಂದ.

“ನೀವು ನೀರ ತಂದು ಮಧ್ಯಾನ ಕುಂತ ತಪ್ಪ ಬರದ್ರ ನಾಕ ದಿನ ನಾ ನಡದದ್ದು ಸುಟ್ಟ ಹೋತು. ಎರಡ ದಿನ ಐತಿ. ಸುಮ್ಮ ಬರೀರಿ.”

ಅವನು ಎದ್ದ. ಪಾತ್ರೆಯಲ್ಲಿ ನೀರು ಕಾಸಿ ತಂದು ಅವಳ ಕಾಲ ಬಳಿ ಇಟ್ಟ. ಅವಳು, ಇಷ್ಟು ನೀರು ಹಾಳು ಮಾಡಿದಿರಲ್ಲ, ಅರ್ಧ ಕೊಡ ಎಂದು ಬೈದಳು. ಬೈದು ಕಾಲು ಇಳಿಬಿಟ್ಟಳು.

ಶುಕ್ರವಾರ ಹೇಮಲಪ್ಪನ ಟೆಂಪೋ ಒಂದು ಏಳೂವರೆಗೆ ನಳದ ಬಳಿ ಬಂದು ನಿಂತಿತು. ವಾಸ್ಕೋದಿಂದ ಮೀನು ಇಳಿಸಿ ಬಂದ ಗಾಡಿ. ಫ್ಲ್ಯಾಟಿನ ಯಜಮಾನತಿ, ಖಾತುನ ಒಳಗೆ ಬರುತ್ತಿದ್ದ ಹಾಗೇ ಕಿಟಕಿ ತೆರೆದಳಂತೆ. ನಡೆಯುವುದೇ ವಾಸಿಯಿತ್ತು ಎಂದು ಅವಳು ರಾತ್ರಿ ಹೇಳಿದಳು. ಶನಿವಾರವೂ ಅದೇ ಟೆಂಪೋದಲ್ಲಿ ಹೋದಳು.

ಶನಿವಾರ ಮಕ್ತುಮಸಾಬ ಐದೂಮುಕ್ಕಾಲಿಗೇ ಶಾಲೆ ತಲುಪಿದ. ಉಳಿದದ್ದು ಐದು ಸಾಲು. ಕಡಲ ಕಡೆಯಿಂದ ಮೋಡ ಬಂದು, ಹಿಂದಿನ ಮಧ್ಯಾಹ್ನ ಒಂದು ಜಡಿ ಹೊಡೆದು ಹೋಗಿತ್ತು. ಗಾಳಿ ತಂಪಾಗಿತ್ತು. ಅವನು ಯಾವ ಸಾಲನ್ನೂ ಬಾಯಲ್ಲಿ ಹೇಳಿಕೊಳ್ಳಲಿಲ್ಲ. ತುಟಿ ಮುಚ್ಚಿಕೊಂಡು, ನೋಡಿದ್ದನ್ನು ಬರೆದ, ಮತ್ತೆ ನೋಡಿದ. ಪಡಸಾಲೆಯ ತುದಿಯಲ್ಲಿ, ಬರೆದವನು ಹೆಸರು ಹಾಕುವ ಮೂಲೆಯಲ್ಲಿ, ಒಂದಿಷ್ಟು ಜಾಗ ಉಳಿದಿತ್ತು. ಲಾರಿಗಳ ಮೇಲೆ ಅವನು ಇಂಗ್ಲಿಷಿನಲ್ಲಿ ‘ಮಕ್ತುಮ್ ಆರ್ಟ್ಸ್’ ಎಂದು ಬರೆದು ಮೊಬೈಲ್ ನಂಬರು ಹಾಕುವುದು ವಾಡಿಕೆ. ಇಲ್ಲಿ ಸ್ವಲ್ಪ ಹೊತ್ತು ಕೂತು ಯೋಚಿಸಿದ. ಆಮೇಲೆ ಸಣ್ಣ ಕುಂಚ ತೆಗೆದುಕೊಂಡ. ಮುಗಿಸಿ, ಬಣ್ಣ ಒಣಗಲೆಂದು ಆ ಮೂಲೆಗೆ ಒಂದು ಬೆಂಚನ್ನು ಅಡ್ಡ ಇಟ್ಟ.

ಭಾನುವಾರ ಹತ್ತಕ್ಕೆ ಸಾವಕಾರರು ಬಂದರು. ಅವರ ಕಾರಿನ ಹಿಂದಿನ ಸೀಟಿನಲ್ಲಿ ಫ್ಲೆಕ್ಸಿನ ಸುರುಳಿ ಸಿದ್ಧವಾಗಿತ್ತು. ಅವರು ಎರಡು ಸಲ ನೋಡುವವರಲ್ಲವಾದ್ದರಿಂದ ಮೊದಲೇ ಹೊಡೆಸಿ ತಂದಿದ್ದರು. ಖಾತುನ, ಹೇಮಲಪ್ಪ ಇಬ್ಬರೂ ಗೇಟಿನ ಬಳಿ ನಿಂತಿದ್ದರು. ಹೇಮಲಪ್ಪ ತಾಡಪತ್ರಿ ಒಯ್ಯಲು ಬಂದೆ ಎಂದ. ಖಾತುನ ಯಾಕೆ ಬಂದೆ ಎಂದು ಹೇಳಲಿಲ್ಲ.

ಅಕ್ಕೋರು ಮುಂದೆ, ಸಾವಕಾರರು ಹಿಂದೆ. ಮೂರು ಕಡೆಯೂ ಒಂದೊಂದು ಸಾಲನ್ನೂ ಹಾಳೆಗೆ ಹಿಡಿದು ನೋಡಿದರು. ಕೆಂಪು ಪೆನ್ನು ಪ್ರತಿ ಸಾಲಿನ ಮುಂದೆ ಗಾಳಿಯಲ್ಲಿ ಒಂದು ಕ್ಷಣ ನಿಂತು ಮುಂದಕ್ಕೆ ಹೋಗುತ್ತಿತ್ತು. ಮಕ್ತುಮಸಾಬ ಮೆಟ್ಟಿಲ ಮೇಲೆ ಕೂತು ಆ ಪೆನ್ನನ್ನೇ ನೋಡುತ್ತಿದ್ದ. ಪೂರ್ವದ ಗೋಡೆ ದಾಟಿತು. ಪಶ್ಚಿಮದ್ದು ದಾಟಿತು. ಪಡಸಾಲೆಯ ಇಪ್ಪತ್ತನಾಲ್ಕನೆಯ ಸಾಲೂ ದಾಟಿತು. ಅಕ್ಕೋರು ಹಾಳೆ ಮಡಚಿದರು. ತಪ್ಪಿಲ್ಲ, ಈ ವಾರದ್ದೆಲ್ಲ ಮುಂಜಾನೆ ಬರೆದದ್ದು ಎಂದರು.

ಸಾವಕಾರರು ಸ್ವಲ್ಪ ಹೊತ್ತು ಗೋಡೆ ನೋಡಿದರು, ಈ ಸಲ ಎರಡನೆಯ ಬಾರಿಯೂ ನೋಡಿದರು. ಬಣ್ಣ ಕೊಟ್ಟವರ ಹೆಸರು ಎಲ್ಲೂ ಇಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು. 

“ಬರಿಯೂಣ್ರಿ ಸಾವ್ಕಾರ್ರ,” ಎಂದ ಮಕ್ತುಮಸಾಬ.

“ಮುಂಜಾನಿ ಬರೀರಿ ಮತ್ತ,” ಎಂದರು ಸಾವಕಾರರು.

ಗೇಟಿನ ಬಳಿಯಿಂದ ಖಾತುನ ಒಂದೇ ಮಾತು ಕೇಳಿದಳು, ಕಾರಿನಲ್ಲಿರುವುದು ಇನ್ನು ಬೇಕೇನು ಎಂದು. ಬೇಡವಾದರೆ ಅವಳ ಬಚ್ಚಲಿನ ಮಾಡು ಸೋರುತ್ತಿತ್ತು, ಮಳೆ ಎದುರಿಗಿತ್ತು. ಸಾವಕಾರರು ಸುರುಳಿಯನ್ನು ಹೇಮಲಪ್ಪನ ಹೆಗಲಿಗೆ ಇಟ್ಟರು. ಹೀಗೆ ಆ ಎಲ್ಲ ನುಡಿಗಳು ಅಚ್ಚುಕಟ್ಟಾದ ಕನ್ನಡದಲ್ಲಿ ಮಕ್ತುಮಸಾಬನ ಬಚ್ಚಲ ಮೇಲೆ ಆಕಾಶಕ್ಕೆ ಮುಖ ಮಾಡಿ ಮಲಗಿದವು. ಆ ಮಳೆಗಾಲ ಬಚ್ಚಲು ಸೋರಲಿಲ್ಲ. ಖಾತುನ ಫ್ಲ್ಯಾಟಿನವರಿಗೆ ಹೇಳಿ ತನ್ನ ಕೆಲಸವನ್ನು ಒಂಬತ್ತಕ್ಕೆ ಬದಲಿಸಿಕೊಂಡಳು. ನಳ ಅವಳ ಪಾಲಿಗೇ ಉಳಿಯಿತು, ಸಂಜೆಯ ರೊಟ್ಟಿ ಅವನ ಪಾಲಿಗೆ ಬಂತು. ಅವನ ರೊಟ್ಟಿ ದುಂಡಗಾಗಲು ತಿಂಗಳು ಹಿಡಿಯಿತು.

ಆದರೆ ಅದು ಆಮೇಲಿನ ಮಾತು. ಆ ಭಾನುವಾರ ಸಾವಕಾರರ ಕಾರು ಹೋದ ಮೇಲೆ ಅಕ್ಕೋರು ಪಡಸಾಲೆಯ ಬೆಂಚುಗಳನ್ನು ಸರಿಯಾಗಿ ಇಡಲು ಹೋದರು. ಮೂಲೆಯ ಬೆಂಚನ್ನು ಸರಿಸಿದಾಗ ಅದರ ಹಿಂದೆ ಬೆರಳುದ್ದದ ಅಕ್ಷರಗಳಲ್ಲಿ ನಾಲ್ಕು ಸಾಲು ಕಂಡವು. ಹಾಳೆಯಲ್ಲಿ ಇಲ್ಲದ ಸಾಲುಗಳು.

ಬರದಾಂವ ಮಕ್ತುಮಸಾಬ.
ನೀರ ತಂದಾಕಿ ಖಾತುನ.
ನೆಳ್ಳ ಕೊಟ್ಟಾಂವ ಹೇಮಲಪ್ಪ.
ಹೊತ್ತ ಕೇಳಿದಾಕಿ ಮಲ್ಲಿಕಾ ಅಕ್ಕೋರು.

ಅವರು ಓದಿದರು, ಮತ್ತೆ ಓದಿದರು. ಖಾತುನ ಹತ್ತಿರ ಬಂದು ತನ್ನ ಹೆಸರು ಯಾವುದು ಎಂದು ಕೇಳಿದಳು. ಮಕ್ತುಮಸಾಬ ಬೆರಳಿಟ್ಟು ತೋರಿಸಿದ. ಇಷ್ಟೇನಾ ಎಂದಳು. ಮೂರೇ ಅಕ್ಷರ ಎಂದ ಅವನು.

“ಇದನ್ನ ಮಧ್ಯಾನ ಬರದ್ರೇನ್ರಿ ಮಕ್ತುಮಸಾಬ್ರ?” ಎಂದರು ಅಕ್ಕೋರು.

“ಇಲ್ರಿ ಅಕ್ಕೋರ,” ಎಂದ ಮಕ್ತುಮಸಾಬ. “ಮುಂಜಾನಿ ಎಂಟಕ್ಕ ಬರದೇನಿ. ನೋಡಿ ನೋಡಿ ಬರದೇನಿ.”

ಅಕ್ಕೋರು ಕೈಯಲ್ಲಿದ್ದ ಕೆಂಪು ಪೆನ್ನಿಗೆ ಟೊಪ್ಪಿಗೆ ಹಾಕಿದರು. ಬೆಂಚನ್ನು ಮತ್ತೆ ಆ ಮೂಲೆಗೆ ಇಡಲಿಲ್ಲ.